ಪ್ರಶ್ನೆಯ ಬಾಲ

ಪದವಿಯ ಎರಡನೆಯ ವರ್ಷದಲ್ಲಿ ನಮ್ಮ ಕನ್ನಡ ಮೇಷ್ಟ್ರು ಕೊಟ್ಟ ಅಸೈನ್‌ಮೆಂಟಿನ ಪ್ರಶ್ನೆ ನನಗೆ ಇಂದಿಗೂ ಅಕ್ಷರಶಃ ನೆನಪಿದೆ: ‘ವಿಕ್ರಮಾರ್ಜುನ ವಿಜಯದಲ್ಲಿ ಪಂಪನು ಕರ್ಣನ ಪಾತ್ರವನ್ನು ಚಿತ್ರಿಸಿರುವ ರೀತಿಯನ್ನು ವಿಮರ್ಶಿಸಿ.’ ಅದಕ್ಕೆ ನಾನು ಹದಿನೆಂಟು ಪುಟ ಬರೆದೆ. ಗೆರೆಯುಳ್ಳ ಎ4 ಹಾಳೆಯ ಒಂದೇ ಮಗ್ಗುಲು, ತಲೆಬರಹಕ್ಕೆ ಕಪ್ಪು ಶಾಯಿ, ಉಳಿದದ್ದಕ್ಕೆ ನೀಲಿ, ಮುಖಪುಟದ ಸುತ್ತ ಸ್ಕೆಚ್ ಪೆನ್ನಿನ ಬಳ್ಳಿ. ಕುಂತಿ ಮಂತ್ರವನ್ನು ಪರೀಕ್ಷಿಸಿದಲ್ಲಿಂದ ತೊಡಗಿ, ಮಗುವನ್ನು ಹೊಳೆಗೆ ಬಿಟ್ಟದ್ದು, ಸೂತನ ಮನೆ, ಪರಶುರಾಮನ ಶಾಪ, ಕವಚ ಕುಂಡಲಗಳ ದಾನ, ನೆಲದಲ್ಲಿ ಹೂತ ರಥದ ಗಾಲಿಯವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ವಾರದ ಬಳಿಕ ಹಿಂದಿರುಗಿ ಬಂದ ಕಟ್ಟಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಎರಡೇ ಸಾಲು ಇತ್ತು: ‘ಕತೆ ನನಗೆ ಗೊತ್ತಿದೆ. ನಾನು ಕೇಳಿದ್ದು ಅದನ್ನಲ್ಲ.’

ಬಹಳ ದಿನ ಆ ಮಾತಿನ ಮೇಲೆ ನನಗೆ ಸಿಟ್ಟಿತ್ತು. ಕರ್ಣನ ಬಗ್ಗೆ ಕೇಳಿದರು, ಕರ್ಣನ ಬಗ್ಗೆ ಬರೆದೆ, ಇನ್ನೇನು ಬೇಕಿತ್ತು? ಪ್ರಶ್ನೆಯನ್ನು ನಿಧಾನವಾಗಿ ಮತ್ತೆ ಓದುವ ವ್ಯವಧಾನ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಪಂಪ ತನ್ನ ಕಾವ್ಯವನ್ನು 941ರ ಸುಮಾರಿಗೆ ಬರೆದದ್ದು ತನ್ನ ಒಡೆಯ, ವೇಮುಲವಾಡದ ಅರಸ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ. ಎಂದರೆ ಅಲ್ಲಿ ಅರ್ಜುನನನ್ನು ಹೊಗಳುವುದು ಕವಿಯ ಅನ್ನದ ಋಣ. ಅಂಥ ಕಾವ್ಯದಲ್ಲಿ ಕರ್ಣ ಸತ್ತಾಗ ಅದೇ ಕವಿ ‘ನೆನೆಯದಿರಣ್ಣ ಭಾರತದೊಳಿನ್ ಪೆರರಾರುಮನ್’, ನೆನೆಯುವುದಾದರೆ ಒಂದೇ ಚಿತ್ತದಿಂದ ಕರ್ಣನನ್ನು ನೆನೆ, ಎನ್ನುತ್ತಾನೆ. ಒಡೆಯನ ಕಾವ್ಯದಲ್ಲಿ ಒಡೆಯನ ಹಗೆಗೆ ಇಷ್ಟು ದೊಡ್ಡ ಪೀಠ ಹಾಕಿಕೊಟ್ಟವನು ಅದನ್ನು ಹೇಗೆ ದಕ್ಕಿಸಿಕೊಂಡ, ಇದರಿಂದ ಕಾವ್ಯ ಬಿರುಕು ಬಿಟ್ಟಿತೋ ಗಟ್ಟಿಯಾಯಿತೋ ಎಂಬುದೇ ಮೇಷ್ಟ್ರು ಕೇಳಿದ್ದ ‘ರೀತಿ’. ನಾನು ಆ ಪದ್ಯವನ್ನು ಬಿಟ್ಟಿರಲಿಲ್ಲ; ಕೊನೆಯ ಪುಟದಲ್ಲಿ, ಅಲಂಕಾರಕ್ಕೆಂದು, ಡಬ್ಬಿಯೊಳಗೆ ಬರೆದಿದ್ದೆ.

ತಪ್ಪು ನನ್ನದೇ. ಆದರೂ ಅದರಲ್ಲಿ ಕನ್ನಡ ವಾಕ್ಯದ ಪಾಲೂ ಒಂದಿಷ್ಟಿದೆ ಎಂದು ನನ್ನ ಗುಮಾನಿ. ಇಂಗ್ಲಿಷ್ ಪ್ರಶ್ನೆಯಲ್ಲಿ ‘ಡಿಸ್ಕಸ್’, ‘ಕಂಪೇರ್’ ಎಂಬ ಅಪ್ಪಣೆ ಹೊಸ್ತಿಲಲ್ಲೇ ನಿಂತು ಒಳಗೆ ಬರುವವನನ್ನು ತಡೆಯುತ್ತದೆ. ನಮ್ಮಲ್ಲಿ ಕ್ರಿಯಾಪದ ಇರುವುದು ಹಿತ್ತಲ ಬಾಗಿಲಲ್ಲಿ. ಮೊದಲು ಕಣ್ಣಿಗೆ ಬೀಳುವುದು ಪಂಪ, ಆಮೇಲೆ ಕರ್ಣ. ಅಷ್ಟರಲ್ಲಿ ಪೆನ್ನಿನ ಕ್ಯಾಪು ತೆರೆದಾಗಿರುತ್ತದೆ, ಬಾಲದಲ್ಲಿ ಏನಿದೆ ಎಂದು ನೋಡುವವರು ಯಾರು? ಮೇಲಾಗಿ ವಿವರಿಸಿ, ಚರ್ಚಿಸಿ, ವಿಶ್ಲೇಷಿಸಿ, ವಿಮರ್ಶಿಸಿ ಎಲ್ಲವೂ ಸಂಸ್ಕೃತದ ಮಾತಿಗೆ ನಮ್ಮ ‘ಇಸು’ ಹಚ್ಚಿಕೊಂಡು ಒಂದೇ ಸಮವಸ್ತ್ರದಲ್ಲಿ ಬರುವುದರಿಂದ, ದೂರದಿಂದ ನೋಡುವವನಿಗೆ ನಾಲ್ವರೂ ಒಬ್ಬನೇ ಆಸಾಮಿಯಂತೆ ಕಾಣುತ್ತಾರೆ.

ಹತ್ತಿರ ಹೋದರೆ ಮಾತ್ರ ಮುಖಗಳು ಬೇರೆ ಬೇರೆ. ವಿವರಣೆ ಎಂದರೆ ಮುಚ್ಚಿದ್ದನ್ನು ತೆರೆಯುವುದು. ಶ್ಲೇಷವೆಂದರೆ ಅಂಟು, ಅಪ್ಪುಗೆ. ವಿಶ್ಲೇಷಣೆ ಆ ಅಪ್ಪುಗೆಯನ್ನು ಬಿಡಿಸಿ ಯಾವ ಕೈ ಯಾರದು ಎಂದು ತೋರಿಸುವುದು. ವಿಮರ್ಶೆಯ ಧಾತುವಿನಲ್ಲಿ ಮುಟ್ಟುವ ಅರ್ಥವಿದೆ. ಸೀರೆಯಂಗಡಿಯಲ್ಲಿ ಕೂತ ಅಜ್ಜಿ ಸೆರಗನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ ಬೆಲೆ ಹೇಳುತ್ತಾಳಲ್ಲ, ಅದು ವಿಮರ್ಶೆ. ಚರ್ಚೆಯದು ಮಾತ್ರ ತಮಾಷೆಯ ಸಂಗತಿ. ‘ಚಂದನಚರ್ಚಿತ’ ಎನ್ನುವಾಗ ಚರ್ಚೆಗೆ ಲೇಪನವೆಂದೇ ಅರ್ಥ, ನಾವು ಚರ್ಚಿಸಿ ಎಂದಾಗಲೆಲ್ಲ ಮಾಡುತ್ತಿದ್ದದ್ದೂ ಅದನ್ನೇ: ಗೈಡಿನಲ್ಲಿದ್ದ ಗಂಧವನ್ನು ತೇದು ಹಾಳೆಗೆ ತೆಳ್ಳಗೆ ಬಳಿಯುವುದು.

‘ಸಂದರ್ಭ ಸೂಚಿಸಿ, ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯಂತೂ ಪಾಪ, ಕೇಳಿದ್ದನ್ನು ಬಾಯಿ ಬಿಟ್ಟೇ ಕೇಳುತ್ತದೆ. ‘ಪ್ರಸ್ತುತ ಈ ವಾಕ್ಯವನ್ನು’ ಎಂದು ಹೊರಟು ಕವಿ, ಕೃತಿ, ಸಂದರ್ಭಗಳನ್ನು ಒಪ್ಪಿಸಿ ಮುಗಿಸಿದ ಮೇಲೆ ಸ್ವಾರಸ್ಯದ ಕೆಳಗೆ ನಾವು ಬರೆಯುತ್ತಿದ್ದದ್ದು ಒಂದೇ ವಾಕ್ಯ: ‘ಇಲ್ಲಿ ಕವಿಯು ಬಹಳ ಸ್ವಾರಸ್ಯಕರವಾಗಿ ವರ್ಣಿಸಿದ್ದಾನೆ.’

ಕೇಳುವವರು ಎಲ್ಲರೂ ತೂಗಿ ಕೇಳುತ್ತಾರೆಂದೂ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರು ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದಾಗ, ಐದನೆಯ ಪ್ರಶ್ನೆಗೆ ‘ವಿಶ್ಲೇಷಿಸಿ’ ಏಕೆ ಎಂದು ಕೇಳಿದೆ. ‘ನಾಲ್ಕನೆಯದಕ್ಕೆ ವಿವರಿಸಿ ಅಂತ ಹಾಕಿಬಿಟ್ಟಿದ್ದೇನೆ, ಒಂದೇ ಮಾತು ಎರಡು ಸಲ ಚೆನ್ನಾಗಿರುವುದಿಲ್ಲ’ ಎಂದರು. ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಪತ್ರಿಕೆಗಳಲ್ಲಿ ಅಂಕಗಳ ಪಕ್ಕದಲ್ಲೇ ಎಲ್1, ಎಲ್2 ಎಂದು ಮುದ್ರಿಸಿರುತ್ತಾರೆ. ಅಮೆರಿಕದ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕಟ್ಟಿದ, 2001ರಲ್ಲಿ ಬೇರೆಯವರು ತಿದ್ದಿದ, ಕಲಿಕೆಯ ಆರು ಮೆಟ್ಟಿಲುಗಳ ಏಣಿ ಅದು; ‘ಎಲ್’ ಎಂದರೆ ಲೆವೆಲ್, ಮೆಟ್ಟಿಲು. ಕೆಳಗಿನದು ನೆನಪು, ಐದನೆಯದು ಬೆಲೆಗಟ್ಟುವುದು, ತುದಿಯದು ಹೊಸತನ್ನು ಕಟ್ಟುವುದು. ಆ ಲೆಕ್ಕದಲ್ಲಿ ನನ್ನ ಮೇಷ್ಟ್ರು ಐದನೆಯ ಮೆಟ್ಟಿಲಲ್ಲಿ ನಿಂತು ಕರೆದಿದ್ದರು, ನಾನು ಮೊದಲನೆಯದರ ಮೇಲೆ ಕೂತು ಹದಿನೆಂಟು ಪುಟ ಉತ್ತರ ಕೊಟ್ಟಿದ್ದೆ.

ಈಗ ಅಸೈನ್‌ಮೆಂಟ್ ಕೊಡುವ ಸರದಿ ನನ್ನದು. ಈ ಸಲ ಒಂದು ಉಪಾಯ ಹೂಡಿದೆ. ವ್ಯಾಕರಣ ಹಾಳಾಗಲಿ ಎಂದುಕೊಂಡು ಹಲಗೆಯ ಮೇಲೆ ಮೊದಲು ‘ವಿಮರ್ಶಿಸಿ’ ಎಂದಷ್ಟೇ ದಪ್ಪಗೆ ಬರೆದು, ಕೆಳಗೊಂದು ಗೆರೆ ಎಳೆದು, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಏನನ್ನು, ಯಾರನ್ನು ಎಂದು ಅವರೇ ಕೇಳಲಿ, ಆ ಪದ ಅಷ್ಟು ಹೊತ್ತಾದರೂ ಅವರ ತಲೆಯಲ್ಲಿ ಒಂಟಿಯಾಗಿರಲಿ ಎಂಬುದು ನನ್ನ ಲೆಕ್ಕಾಚಾರ. ತರಗತಿ ನಿಶ್ಶಬ್ದವಾಯಿತು. ಕಡೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

‘ಸಾರ್, ಎಷ್ಟು ಪುಟ?’