ಜಮಖಾನ ಹಾಸಲು ಒಂದು ಜಾಗ

ನಮ್ಮ ಮನೆಯ ಬೀರುವಿನ ನೆತ್ತಿಯ ಮೇಲೆ ಒಂದು ಜಮಖಾನ ಇದೆ. ಕೆಂಪು, ನೀಲಿ ಪಟ್ಟೆಯದು. ಕೆಂಪು ಈಗ ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ. ನೀಲಿ ಈಗ ಯಾವ ಬಣ್ಣವೆಂದು ಕೇಳಿದರೆ ಮನೆಯಲ್ಲಿ ನಾಲ್ಕು ಅಭಿಪ್ರಾಯ ಬರುತ್ತವೆ. ಅದು ಕೆಳಗಿಳಿಯುವುದಕ್ಕೆ ಎರಡೇ ಕಾರಣ: ಒಂದೋ ಮನೆಗೆ ಜನ ಬರಬೇಕು, ಇಲ್ಲವೇ ಮನೆಯ ಜನ ಹೊರಗೆ ಹೊರಡಬೇಕು. ಮೊದಲನೆಯದಕ್ಕೆ ಈಗ ಸೋಫಾ ಬಂದಿದೆ. ಎರಡನೆಯದಕ್ಕೆ ಇನ್ನೂ ಬದಲಿ ಸಿಕ್ಕಿಲ್ಲ.

ದಾವಣಗೆರೆಗೆ ಬಂದ ನೆಂಟರು ಇಲ್ಲಿ ಏನು ತಿನ್ನಬೇಕು ಎಂದು ಕೇಳಿದರೆ ಉತ್ತರ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೆಣ್ಣೆ ದೋಸೆಯಿಂದ ಶುರುಮಾಡಿ ಮಂಡಕ್ಕಿ, ಮೆಣಸಿನಕಾಯಿಗೆ ಬಂದು ನಿಲ್ಲುವಷ್ಟರಲ್ಲಿ ಕೇಳಿದವರ ಬಾಯಲ್ಲಿ ನೀರೂರಿರುತ್ತದೆ. ಏನು ನೋಡಬೇಕು ಎಂದು ಕೇಳಿದರೆ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತೇವೆ. ಇದು ಹತ್ತಿಯಿಂದ, ಗಿರಣಿಯಿಂದ, ದಲಾಲಿ ಮಂಡಿಯಿಂದ ಬೆಳೆದ ಊರು. ಪಾಳೆಯಗಾರರು ಕೋಟೆ ಕಟ್ಟಿದ್ದು ಆಚೆ ಚಿತ್ರದುರ್ಗದಲ್ಲಿ, ಹೊಯ್ಸಳರ ದಂಡನಾಯಕ ದೇವಸ್ಥಾನ ಕಟ್ಟಿಸಿದ್ದು ಈಚೆ ಹರಿಹರದಲ್ಲಿ. ನಡುವೆ ನಮಗೆ ಉಳಿದದ್ದು ವ್ಯಾಪಾರ. ಅದಕ್ಕೇ ಇರಬೇಕು, ಇಲ್ಲಿನವರು ರಜೆಯ ದಿನ ಹೊರಗೆ ಹೋಗುವುದು ಕೂರಲಿಕ್ಕೆ. ಜಾಗ ಹೇಗಿತ್ತು ಎಂದು ಕೇಳಿದರೆ ‘ಒಳ್ಳೆಯ ನೆರಳಿತ್ತು’ ಎನ್ನುತ್ತೇವೆ. ‘ಇರುವೆ ಇರಲಿಲ್ಲ’ ಎಂದರಂತೂ ಆ ಜಾಗಕ್ಕೆ ಪ್ರಶಸ್ತಿ ಪತ್ರ ಕೊಟ್ಟಂತೆ.

ಜಮಖಾನವನ್ನು ಕೊಂಡವರು ಅಪ್ಪ, ದುಗ್ಗಮ್ಮನ ಜಾತ್ರೆಯಲ್ಲಿ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಎಲ್ಲೆಲ್ಲೋ ನೆಲೆಸಿದ ನೆಂಟರು ಒಮ್ಮೆಗೇ ಬಂದಿಳಿಯುತ್ತಾರೆ, ಮಲಗಿಸಲು ಹಾಸಿಗೆ ಸಾಲುವುದಿಲ್ಲ. ಆ ತಾಪತ್ರಯಕ್ಕೆಂದು ಕೊಂಡದ್ದು. ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದವರು. ಬಟ್ಟೆಯ ವಿಷಯದಲ್ಲಿ ದೇವರ ಮಾತನ್ನೂ ನಂಬುತ್ತಿರಲಿಲ್ಲ. ಅಂಗಡಿಯವನ ಎದುರೇ ಜಮಖಾನದ ಅಂಚಿನಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ, ಅದನ್ನು ಸುಟ್ಟು ಮೂಗಿನ ಹತ್ತಿರ ಹಿಡಿದರು. ಸುಟ್ಟ ಕಾಗದದ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಗಂಟುಕಟ್ಟಿದರೆ ಕಲಬೆರಕೆ. ಬೂದಿ ಉದುರಿತು. ಆಮೇಲೆ ಅಪ್ಪ ಅಂಗಡಿಯವನಿಗೆ ಹೇಳಿದ್ದು ಒಂದೇ ಮಾತು: ‘ಒಂದು ಎಳೆ ಕಡಿಮೆ ಇರುವ ಜಮಖಾನಕ್ಕೆ ಪೂರ್ತಿ ಬೆಲೆ ಕೇಳಬೇಡಪ್ಪ.’

ಆ ಎಳೆ ಕಿತ್ತ ಮೂಲೆ ಇವತ್ತಿಗೂ ಸ್ವಲ್ಪ ಸುಕ್ಕಾಗಿಯೇ ಕೂರುತ್ತದೆ. ಅಲ್ಲಿ ನೀರಿನ ಲೋಟ ಇಡಬಾರದು ಎನ್ನುವುದು ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವ ಪಾಠ.

ಸಂಕ್ರಾಂತಿಯ ದಿನ ದಾವಣಗೆರೆಯಲ್ಲಿ ಮನೆಯೊಳಗೆ ಕೂತು ಉಣ್ಣುವವರು ಒಂದೋ ಕಾಯಿಲೆಯವರು, ಇಲ್ಲ ಮನೆಯವರ ಜೊತೆ ಮಾತುಬಿಟ್ಟವರು. ಉಳಿದವರೆಲ್ಲ ಬುತ್ತಿ ಕಟ್ಟಿಕೊಂಡು ಹೊರಗೆ. ಉದ್ಯಾನ, ಕೆರೆ ಏರಿ, ಬಾತಿ ಗುಡ್ಡ, ಕೊಂಡಜ್ಜಿ, ಎಲ್ಲಿ ಒಂದು ಮರ ಇದೆಯೋ ಅಲ್ಲಿ ಒಂದು ಸಂಸಾರ. ನಮ್ಮದು ಮೊದಲಿನಿಂದಲೂ ಹರಿಹರ. ತುಂಗಭದ್ರೆಯಲ್ಲಿ ಮುಳುಗೆದ್ದು, 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಹರಿಹರೇಶ್ವರನಿಗೆ ಕೈಮುಗಿದು ಬಂದರೆ ಆ ದಿನದ ಭಕ್ತಿಯ ಪಾಲು ಮುಗಿಯಿತು. ಆಮೇಲಿನದು ಜಮಖಾನದ ಪಾಲು.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಜಮಖಾನ ಹಾಸುವುದು ಹೇಳಿದಷ್ಟು ಸುಲಭವಲ್ಲ. ಮೊದಲು ದೊಡ್ಡಪ್ಪ ಒಂದು ಮರ ತೋರಿಸುತ್ತಾರೆ. ಅತ್ತೆ ಅಲ್ಲಿ ಗಲೀಜು ಎನ್ನುತ್ತಾರೆ. ಅತ್ತೆ ತೋರಿಸಿದ ಜಾಗ ಇಳಿಜಾರು. ಇಳಿಜಾರಿಲ್ಲದ ಜಾಗದಲ್ಲಿ ಆಗಲೇ ಯಾರೋ ಹಾಸಿಕೊಂಡು ಕೂತು, ನಮ್ಮನ್ನು ಕಂಡು ಕಾಲು ಇನ್ನಷ್ಟು ಉದ್ದ ಚಾಚುತ್ತಾರೆ. ಕೊನೆಗೆ ಮೊದಲಿನ ಮರಕ್ಕೇ ಬರುತ್ತೇವೆ. ಹಾಸಿದ್ದಾಯಿತು, ಡಬ್ಬಿಗಳು ಬಿಚ್ಚಿಕೊಂಡವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹಪ್ಪಳದಂತೆ ಒಣಗಿರುತ್ತದೆ. ಮುರಿದರೆ ಪಕ್ಕದ ಜಮಖಾನದವರಿಗೂ ಕೇಳಿಸಬೇಕು, ಇಲ್ಲದಿದ್ದರೆ ರೊಟ್ಟಿ ಮೆತ್ತಗಾಗಿದೆ ಎಂದರ್ಥ. ಬದನೆಕಾಯಿ ಎಣ್ಣೆಗಾಯಿ, ಅವರೆಕಾಳು ಪಲ್ಯ, ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಎಲ್ಲ ಬಡಿಸಿ ಮುಗಿಯುವಷ್ಟರಲ್ಲಿ ಸೂರ್ಯ ತನ್ನ ಕೆಲಸ ಮಾಡಿರುತ್ತಾನೆ, ಅಂದರೆ ನೆರಳು ಎರಡು ಮಾರು ಪೂರ್ವಕ್ಕೆ ಸರಿದಿರುತ್ತದೆ. ಅರ್ಧ ಹರಿ ಅರ್ಧ ಹರನಾದ ದೇವರ ಊರಿನಲ್ಲಿ ನಾವೂ ಅರ್ಧ ಜನ ನೆರಳಿನಲ್ಲಿ, ಅರ್ಧ ಜನ ಬಿಸಿಲಿನಲ್ಲಿ.

ಆಗ ಬರುತ್ತದೆ ನಮ್ಮ ಮನೆತನದ ವಿಶೇಷ ವಿದ್ಯೆ. ಊಟ ತೆಗೆಯದೆ ಜಮಖಾನವನ್ನು ಎಳೆಯುವುದು. ನಾಲ್ಕು ಜನ ನಾಲ್ಕು ಮೂಲೆ ಹಿಡಿಯುತ್ತಾರೆ, ದೊಡ್ಡಪ್ಪ ಗಾಡಿ ಹಿಂದಕ್ಕೆ ತೆಗೆಸುವವರಂತೆ ‘ಬರಲಿ, ಬರಲಿ’ ಎನ್ನುತ್ತಾರೆ, ಡಬ್ಬಿ, ತಟ್ಟೆ, ನೀರಿನ ಬಿಂದಿಗೆ, ಕಾಲುನೋವಿನ ಅಜ್ಜಿ, ಎಲ್ಲವೂ ಜಮಖಾನದ ಮೇಲೆಯೇ ಕೂತು ನೆರಳಿನತ್ತ ಪ್ರಯಾಣ ಮಾಡುತ್ತವೆ. ಅಜ್ಜಿ ಇದನ್ನು ತೇರಿನ ಉತ್ಸವವೆಂದೇ ತಿಳಿದಿದ್ದರು. ಎಳೆಯುವಾಗ ಕಣ್ಣುಮುಚ್ಚಿ ಕೈಮುಗಿದುಕೊಂಡಿರುತ್ತಿದ್ದರು. ಒಂದು ವರ್ಷ ಸುಕ್ಕಿನ ಮೂಲೆಯವನು ಎಡವಿದ. ಎಣ್ಣೆಗಾಯಿಯ ಡಬ್ಬಿ ಮಗುಚಿತು. ಆ ಕಲೆ ಇನ್ನೂ ಹೋಗಿಲ್ಲ. ಎಡವಿದವನು ನಾನು ಎಂದು ಅಕ್ಕ ಹೇಳುತ್ತಾಳೆ. ಆ ಕಲೆ ಹರಿಹರದ್ದೇ ಅಲ್ಲ, ಕೊಂಡಜ್ಜಿಯಲ್ಲಿ ಅವಳ ಗಂಡ ಚೆಲ್ಲಿದ ಸಾರಿನದು ಎಂದು ನಾನು ಹೇಳುತ್ತೇನೆ. ಸಾರಿನ ಕಲೆಗೆ ಅಷ್ಟು ಎಣ್ಣೆ ಎಲ್ಲಿಂದ ಬಂತು ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆ ಬಂದಾಗ ನಾನು ಮಾತು ಬದಲಿಸುತ್ತೇನೆ.

ಉಳಿದ ದಿನಗಳ ಕತೆ ಚಿಕ್ಕದು. ಭಾನುವಾರ ಸಂಜೆ ಬೇಸರವಾದರೆ ಕುಂದವಾಡ ಕೆರೆ ಇದೆ. ಭದ್ರಾ ನಾಲೆಯ ನೀರು ಬಂದು ನಿಂತು, ಊರಿನ ನಲ್ಲಿಗೆ ಹೋಗುವ ಕೆರೆ ಅದು. ಅಲ್ಲಿ ಈಗ ಎಲ್ಲರೂ ಬೂಟು ಕಟ್ಟಿಕೊಂಡು ಬಿರುಸಾಗಿ ನಡೆಯುತ್ತಾರೆ, ಕೆಲವರು ಮಣಿಕಟ್ಟಿನ ಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತಾರೆ. ಅಂಥವರ ದಾರಿಯ ಪಕ್ಕದಲ್ಲಿ ಜಮಖಾನ ಹಾಸಿ ಮಂಡಕ್ಕಿ ತಿನ್ನುತ್ತ ಕೂತರೆ, ಕಡಲೆಪುಡಿ, ಈರುಳ್ಳಿ, ಒಗ್ಗರಣೆಯ ವಾಸನೆಗೆ ಅವರ ಹೆಜ್ಜೆ ಒಂದು ಕ್ಷಣ ತಪ್ಪುವುದನ್ನು ನೋಡಬಹುದು. ಪಕ್ಕದ ಗಾಜಿನ ಮನೆಗೆ ಮಕ್ಕಳು ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ನಗರದ ಇನ್ನೊಂದು ಉದ್ಯಾನದಲ್ಲಿ ಕಾವಲುಗಾರನೊಬ್ಬ ಹುಲ್ಲಿನ ಮೇಲೆ ಹಾಸಬೇಡಿ ಎಂದ. ಹುಲ್ಲು ಎಲ್ಲಿದೆ ಎಂದು ಹೆಂಡತಿ ಕೇಳಿದಳು. ಅವನೂ ಬಗ್ಗಿ ನೋಡಿ, ಹಾಸಿಕೊಳ್ಳಿ ಅಮ್ಮ ಎಂದ.

ಬೇಸಿಗೆಯಲ್ಲಿ ಜಮಖಾನ ಮಾಳಿಗೆಗೆ ಏರುತ್ತದೆ, ಅಷ್ಟೇ. ಏಪ್ರಿಲ್‌ನ ದಾವಣಗೆರೆಯಲ್ಲಿ ಹಗಲು ಹೊರಗೆ ಹೊರಡುವ ಮಾತನ್ನು ಯಾರೂ ಎತ್ತುವುದಿಲ್ಲ.

ಮಳೆಗಾಲದ ತಿರುಗಾಟವೆಂದರೆ ಕೆರೆ ಕೋಡಿ ಬಿದ್ದಿದ್ದನ್ನು ನೋಡುವುದು. ಮಲೆನಾಡಿನವರಿಗೆ ಇದು ನಗೆಪಾಟಲು. ನೀರು ಹರಿಯುವುದನ್ನು ನೋಡಲು ಪೆಟ್ರೋಲು ಸುಡುತ್ತಾರೆಯೇ ಎಂದು ಕೇಳುತ್ತಾರೆ. ಬಯಲು ಸೀಮೆಯವರು ಸುಡುತ್ತಾರೆ. ನನ್ನ ಹೆಂಡತಿಯ ತವರು ಹಿರಿಯೂರಿನ ಕಡೆ. ಅವರ ಮನೆಯಲ್ಲಿ ಎಂದೂ ಆಗದ ಕೆಲಸಕ್ಕೆ ‘ಮಾರಿಕಣಿವೆ ಕೋಡಿ ಬಿದ್ದಾಗ’ ಎನ್ನುವ ಗಡುವು ಕೊಡುತ್ತಿದ್ದರು. ಮಾರಿಕಣಿವೆ ಎಂದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಅಣೆಕಟ್ಟು ಕೋಡಿ ಬಿದ್ದದ್ದು 1933ರಲ್ಲಿ ಒಂದು ಸಲ. ಆಮೇಲೆ ಎರಡು ತಲೆಮಾರು ಅದರ ತಳ ನೋಡಿದ್ದೇ ಹೆಚ್ಚು. ಆದ್ದರಿಂದ ಹೆಂಡತಿಯ ಸೋದರಮಾವ ನನ್ನಿಂದ ಕೈಗಡ ತೆಗೆದುಕೊಂಡಾಗ, ಮಾರಿಕಣಿವೆ ಕೋಡಿ ಬಿದ್ದ ದಿನ ಬಡ್ಡಿ ಸಮೇತ ಕೊಡುತ್ತೇನೆ ಅಳಿಯಂದಿರೇ ಎಂದು ಎಲ್ಲರೆದುರು ನಕ್ಕಿದ್ದರು. ನಾನೂ ನಕ್ಕಿದ್ದೆ.

2022ರ ಸೆಪ್ಟೆಂಬರ್‌ನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ, ಮಾರಿಕಣಿವೆ ಕೋಡಿ ಬಿದ್ದಿತು.

ಸುದ್ದಿ ಬಂದ ಭಾನುವಾರವೇ ಜಮಖಾನ ಗಾಡಿ ಹತ್ತಿತು. ಹೋಗಿ ನೋಡಿದರೆ ಇಡೀ ಜಿಲ್ಲೆ ಅಲ್ಲಿದೆ. ಟ್ರ್ಯಾಕ್ಟರಿನಲ್ಲಿ ಬಂದವರು, ಆಟೊದಲ್ಲಿ ಬಂದವರು, ಪೂಜೆಗೆ ಬಾಗಿನ ಹಿಡಿದು ಬಂದವರು. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಹುಟ್ಟಿದಂದಿನಿಂದ ಆ ಅಣೆಕಟ್ಟು ಕಂಡವರು, ಕೋಡಿಯ ಹತ್ತಿರ ನಿಂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ನೀರು ಜೋರೇನೂ ಇರಲಿಲ್ಲ. ಜೋಗ ನೋಡಿದವರಿಗೆ ಕಣ್ಣಿಗೆ ಹತ್ತುವಂಥದ್ದಲ್ಲ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಒಂದು ಬೊಗಸೆ ತುಂಬಿ, ತಲೆಗೆ ಚಿಮುಕಿಸಿಕೊಂಡು, ‘ನಮ್ಮಪ್ಪ ನೋಡಿದ್ದನ್ನು ನಾನೂ ನೋಡಿದೆ’ ಎಂದರು. ಹಾಸಲು ಜಾಗ ಮಾತ್ರ ಅಂಗೈ ಅಗಲವೂ ಇರಲಿಲ್ಲ. ಕೊನೆಗೆ ರಸ್ತೆ ಬದಿಯಲ್ಲಿ, ಒಂದು ಮೋಟಾರ್ ಸೈಕಲ್ಲಿಗೂ ಮೆಕ್ಕೆಜೋಳದ ತೆನೆ ಸುಡುವವನಿಗೂ ನಡುವೆ, ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅತ್ತೆಯೊಬ್ಬರನ್ನೇ ಕೂರಿಸಿ, ನಾವು ಸುತ್ತ ನಿಂತು ಉಂಡೆವು. ಸೋದರಮಾವನ ಮೊಬೈಲ್ ಆ ವಾರವಿಡೀ ಸ್ವಿಚ್ ಆಫ್ ಆಗಿತ್ತು. 2025ರ ಜನವರಿಯಲ್ಲಿ ಕೋಡಿ ಮತ್ತೆ ಬಿದ್ದಿತು. ಮಾವ ಈಗ ಬೇರೆ ಗಾದೆಯ ಹುಡುಕಾಟದಲ್ಲಿದ್ದಾರೆ.

ಜಮಖಾನ ಸೋತು ಬಂದ ಜಾಗವೆಂದರೆ ಚಿತ್ರದುರ್ಗದ ಕೋಟೆ ಒಂದೇ. ಚಳಿಗಾಲ ಶುರುವಾಗುವಾಗ ಅಲ್ಲಿಗೆ ಹೋಗುವುದು ವಾಡಿಕೆ. ಒಳಗೆ ಎಲ್ಲಾದರೂ ಹಾಸೋಣ ಎಂದು ಹಟಮಾಡಿ ಅದನ್ನು ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡು ಹೊರಟೆ. ಏಳು ಸುತ್ತಿನ ಕೋಟೆ, ಬಾಗಿಲ ಮೇಲೆ ಬಾಗಿಲು, ಒಂದೊಂದು ತಿರುವಿನಲ್ಲೂ ಶತ್ರುವಿನ ಏದುಸಿರು ಹೆಚ್ಚಲೆಂದೇ ಕಟ್ಟಿದಂತಿರುವ ದಾರಿ. ಎರಡನೆಯ ಬಾಗಿಲಿನ ಹತ್ತಿರ ಬೇರೆ ಊರಿನ ಮಹಿಳೆಯೊಬ್ಬರು ನನ್ನನ್ನು ತಡೆದು, ಜಮಖಾನದ ತುದಿ ಮುಟ್ಟಿ, ‘ಎಷ್ಟು ಹೇಳುತ್ತೀರಿ?’ ಎಂದರು. ನಾನು ಮಾರುವವನಲ್ಲ ಎನ್ನುವಷ್ಟರಲ್ಲಿ, ಹಳೆಯದು ಕಣ್ರೀ, ಬಣ್ಣ ಹೋಗಿದೆ ಎಂದು ಅವರ ಯಜಮಾನರು ಅವರನ್ನು ಮುಂದಕ್ಕೆ ಎಳೆದುಕೊಂಡು ಹೋದರು. ನನಗೆ ಸಿಟ್ಟು ಬಂದದ್ದು ಮಾರುವವನೆಂದು ತಿಳಿದದ್ದಕ್ಕಲ್ಲ.

ಅಕ್ಕ ತಂಗಿ ಹೊಂಡದವರೆಗೂ ಹೊತ್ತೆ. ಒಂದು ಹೊಂಡ ತುಂಬಿದರೆ ಇನ್ನೊಂದಕ್ಕೆ ನೀರು ಇಳಿಯುವಂತೆ ಬಂಡೆಗಳ ನಡುವೆ ಮಳೆಯನ್ನು ಹಿಡಿದಿಟ್ಟ ಜನರ ಬುದ್ಧಿಯನ್ನು ಮೆಚ್ಚುತ್ತ, ಇಲ್ಲಿ ಹಾಸೋಣ ಎಂದೆ. ಸುರುಳಿ ಬಿಚ್ಚಲಿಲ್ಲ, ಕೋತಿಗಳು ಬಂದವು. ಒಂದು ರೊಟ್ಟಿಯ ಗಂಟನ್ನು, ಇನ್ನೊಂದು ಮಗಳ ಕೈಯ ಬಾಳೆಹಣ್ಣನ್ನು ಒಯ್ದಿತು. ಮೂರನೆಯದು ಜಮಖಾನದ ಮೇಲೆಯೇ ಕೂತುಬಿಟ್ಟಿತು. ಹೈದರಾಲಿ ಈ ಕೋಟೆಗೆ ಹಲವು ಸಲ ಬಂದು 1779ರಲ್ಲಿ ಅಂತೂ ಗೆದ್ದ. ನಾನು ಒಂದೇ ಸಲಕ್ಕೆ ಕೈಬಿಟ್ಟೆ. ಊಟವನ್ನು ಊರೊಳಗಿನ ಖಾನಾವಳಿಯಲ್ಲಿ, ಕುರ್ಚಿಯ ಮೇಲೆ ಕೂತು ಮಾಡಿದೆವು. ಜಮಖಾನ ಗಾಡಿಯಲ್ಲಿತ್ತು.

ನಾದಿನಿ ಈಚೆಗೆ ಒಂದು ಪ್ಲಾಸ್ಟಿಕ್ ಚಾಪೆ ಕೊಟ್ಟಿದ್ದಾಳೆ. ಹಗುರ, ಮಡಿಸಿದರೆ ಕೈಚೀಲದಷ್ಟು, ಒರೆಸಿದರೆ ಕಲೆ ಮಾಯ. ಎಲ್ಲವೂ ಸರಿ, ಆದರೆ ಅದರ ಮೇಲೆ ಕೂತರೆ ಮನುಷ್ಯ ಜಾರುತ್ತಾನೆ, ತಟ್ಟೆಯೂ ಜಾರುತ್ತದೆ, ನೆರಳಿಗೆ ಎಳೆಯಲು ಹೋದರೆ ಚಾಪೆ ಮಾತ್ರ ಬರುತ್ತದೆ, ಊಟ ಇದ್ದಲ್ಲೇ ಇರುತ್ತದೆ.

ಮೊನ್ನೆ ಬಿಸಿಲು ಚೆನ್ನಾಗಿದೆಯೆಂದು ಜಮಖಾನವನ್ನು ಇಳಿಸಿ, ಒಗೆದು, ಮಾಳಿಗೆಯ ಗೋಡೆಯ ಮೇಲೆ ಹರವಿದೆ. ಬರೀ ಒಗೆದದ್ದು, ಬೇರೆ ಉದ್ದೇಶವಿರಲಿಲ್ಲ. ಎದುರು ಮನೆಯ ಅಜ್ಜಿ ತಮ್ಮ ಮಾಳಿಗೆಯಿಂದಲೇ, ‘ಎಲ್ಲಿಗೆ ಹೊರಟಿರಿ ತಮ್ಮಾ?’ ಎಂದು ಕೂಗಿದರು. ಎಲ್ಲಿಗೂ ಇಲ್ಲ ಅಜ್ಜಿ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಮಧ್ಯಾಹ್ನ ಅಕ್ಕ ಫೋನು ಮಾಡಿ, ನಮಗೆ ಹೇಳದೆ ಹೋಗುತ್ತಿದ್ದೀರಂತಲ್ಲ ಎಂದಳು. ಮಗಳು ಶಾಲೆಯಿಂದ ಬಂದವಳು ಚೀಲ ಇಡುವ ಮೊದಲೇ, ಗೆಳತಿಯನ್ನೂ ಕರೆಯಲೇ ಎಂದು ಕೇಳಿದಳು. ಸಂಜೆ ಜಮಖಾನವನ್ನು ಮಡಿಸಿ ಬೀರುವಿನ ಮೇಲೆ ಇಡಲು ಕುರ್ಚಿ ಹತ್ತಿದ್ದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: ‘ರೀ, ಅವರೆಕಾಳು ನೆನೆಹಾಕುತ್ತಿದ್ದೇನೆ. ಎಷ್ಟು ಜನ ಆಗುತ್ತೇವೆ?’