ಸತ್ಯಾಂಶ: ಸಂಸದರಲ್ಲದವರು ಮಂತ್ರಿ ಆಗುವಂತಿಲ್ಲವಾ?

‘ಚುನಾವಣೆ ಗೆದ್ದ ಸಂಸದರು ಮಾತ್ರ ಮಂತ್ರಿ ಆಗಬಹುದು, ಉಳಿದವರ ನೇಮಕ ಕಾನೂನುಬಾಹಿರ’ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಇದು ಸರಿಯಲ್ಲ.

ಸಂಸದೀಯ ಪದ್ಧತಿಯಲ್ಲಿ ಮುಖ್ಯವಾಗಿ ನೋಡುವುದು ಸಂಪುಟದ ಮೇಲೆ ಸದನಕ್ಕೆ ವಿಶ್ವಾಸ ಇದೆಯಾ ಎಂದು. ಮಂತ್ರಿ ಎಲ್ಲಿಂದ ಬರಬೇಕು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಭಾರತದಲ್ಲಿ ಸಂಸದರಲ್ಲದವರೂ ಮಂತ್ರಿ ಆಗಬಹುದು. ಆದರೆ ಸತತ 6 ತಿಂಗಳು ಯಾವ ಸದನದ ಸದಸ್ಯರೂ ಆಗಿರದಿದ್ದರೆ ಹುದ್ದೆ ಹೋಗುತ್ತದೆ. ಸಂವಿಧಾನದ 75(5)ನೇ ವಿಧಿಯಲ್ಲಿ ಇರುವುದು ಇದೇ. ನೆದರ್‌ಲ್ಯಾಂಡ್ಸ್‌ನಲ್ಲಂತೂ ಪೂರ್ತಿ ಉಲ್ಟಾ: ಮಂತ್ರಿಯಾದವರು ಸಂಸತ್ತಿನ ಸೀಟು ಬಿಡಬೇಕು! ನಾರ್ವೆಯಲ್ಲಿ ಅವರ ಜಾಗಕ್ಕೆ ಬದಲಿ ಸದಸ್ಯರು ಬಂದು ಕೂರುತ್ತಾರೆ.

ಬ್ರಿಟನ್ನಿನ ಕಥೆ ಇನ್ನೂ ಮಜಾ. 1963ರ ಅಕ್ಟೋಬರಿನಲ್ಲಿ ಪ್ರಧಾನಿಯಾದ ಅಲೆಕ್ ಡಗ್ಲಸ್-ಹ್ಯೂಮ್ ತಮ್ಮ ಲಾರ್ಡ್ ಪದವಿಯನ್ನು ಬಿಟ್ಟುಕೊಟ್ಟರು. ಅಲ್ಲಿಗೆ ಆ ಪದವಿಯಿಂದ ಬಂದಿದ್ದ ಮೇಲ್ಮನೆ ಸದಸ್ಯತ್ವ ಹೋಯಿತು. ಕೆಳಮನೆಗೆ ಇನ್ನೂ ಆರಿಸಿ ಬಂದಿರಲಿಲ್ಲ. ಅಂದರೆ ಸುಮಾರು 2 ವಾರ ದೇಶದ ಪ್ರಧಾನಿ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ! ನವೆಂಬರಿನ ಉಪಚುನಾವಣೆಯಲ್ಲಿ ಗೆದ್ದ ಮೇಲೆಯೇ ಅವರು ಕೆಳಮನೆ ಸೇರಿದ್ದು. ಅಷ್ಟು ದಿನವೂ ಅವರು ಪ್ರಧಾನಿಯಾಗಿಯೇ ಇದ್ದರು.