ಸಹಿ ಹಾಕೋ ಮೊದಲು ಬಾಯಿ ಬಿಟ್ಟು ಕೇಳಿ

ನಮ್ಮ ಮಂಡ್ಯ ಕಡೆ ನಲವತ್ತರ ಆಸುಪಾಸಿನ ಹೆಂಗಸು "ತಿಂಗಳು ತಿಂಗಳೂ ಸಾಕಾಗಿ ಹೋಗಿದೆ ಕಣೇ" ಅಂದರೆ ಸಾಕು, ಜಗಲಿ ಮೇಲೆ ಕೂತವರೆಲ್ಲ ಒಂದೇ ಮದ್ದು ಹೇಳುತ್ತಾರೆ, ಗರ್ಭಕೋಶ ತೆಗೆಸೋದು. "ತೆಗೆಸಿ ಬಿಸಾಕು ಅತ್ಲಾಗೆ. ಮಕ್ಕಳಾಗಿವೆ, ಇನ್ನು ಆ ಚೀಲ ಇಟ್ಕೊಂಡು ಏನು ಮಾಡ್ತೀಯ?" ಹೇಳುವವರಿಗೆ ಕೆಟ್ಟ ಮನಸ್ಸೇನೂ ಇಲ್ಲ. ಅವರಲ್ಲೂ ಎಷ್ಟೋ ಜನ ತೆಗೆಸಿಕೊಂಡವರೇ. ಆದರೆ ಯಾಕೆ ತೆಗೆದರು, ಏನೇನು ತೆಗೆದರು ಅಂತ ಕೇಳಿ ನೋಡಿ. "ಗಡ್ಡೆ ಇತ್ತಂತೆ" ಅನ್ನೋದರ ಆಚೆಗೆ ಉತ್ತರ ಬರೋದು ಕಡಿಮೆ. ತಮ್ಮದೇ ಹೊಟ್ಟೆಯೊಳಗಿಂದ ಏನು ಹೋಯಿತು ಅಂತ ಅವರಿಗೆ ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಪರೇಷನ್ನೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಕ್ಕನಿಗೂ ಆಗಿದೆ, ಅವಳಿಗೆ ಅದು ಬೇಕಾಗಿತ್ತು. ನಾನು ಹೇಳೋದು, ಆಪರೇಷನ್ ಮಾಡುವ ಡಾಕ್ಟರ್ ಎದುರು ಕೂತು, ಮನಸ್ಸಿನಲ್ಲಿರೋದನ್ನೆಲ್ಲ ಕೇಳಿ, ಅರ್ಥವಾದ ಮೇಲೆ ದಿನ ಗೊತ್ತು ಮಾಡಿ ಅಂತ. ರಕ್ತ ಪರೀಕ್ಷೆ, ಇಸಿಜಿ ಎಷ್ಟು ಮುಖ್ಯವೋ ಈ ಮಾತುಕತೆಯೂ ಅಷ್ಟೇ ಮುಖ್ಯ.

ನಮ್ಮಕ್ಕನಿಗೆ ನಲವತ್ಮೂರು ವರ್ಷ. ಪಾಂಡವಪುರ ತಾಲೂಕಿನ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ, ವಿಪರೀತ ಬ್ಲೀಡಿಂಗ್. ಮೊದಲು ತೋರಿಸಿದ ಕಡೆ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, "ಬಿಟ್ಟರೆ ಕ್ಯಾನ್ಸರ್ ಆಗಬಹುದು, ಇದೇ ವಾರ ಅಡ್ಮಿಟ್ ಆಗಿ" ಅಂದರು. ಅದೂ ಭಾವನ ಮುಖ ನೋಡಿಕೊಂಡು. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಕ್ಯಾನ್ಸರ್ ಅಂದ ಮೇಲೆ ಯಾರಿಗೆ ತಾನೇ ಬಾಯಿ ಬರುತ್ತೆ ಹೇಳಿ? ಭಾವ ಆಗಲೇ ದುಡ್ಡು ಹೊಂದಿಸಲು ಹೊರಟಿದ್ದರು. ನಾವೇ ತಡೆದು, ಮೈಸೂರಿನಲ್ಲಿ ಇನ್ನೊಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಆಗಿರೋದು ತೀರಾ ಅಪರೂಪ ಅಂತ ಗೊತ್ತಾಗಿದ್ದು ಅಲ್ಲಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅನುಮಾನ ಇದ್ದರೆ ಆ ಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿ ನೋಡುತ್ತಾರೆ, ಸುಮ್ನೆ ಹೆದರಿಸುವುದಿಲ್ಲ.

ಮೈಸೂರಿಗೆ ಹೊರಡುವ ಹಿಂದಿನ ರಾತ್ರಿ ಅಕ್ಕನನ್ನು ಕೂರಿಸಿಕೊಂಡು, "ನಿನಗೆ ಏನೇನು ಭಯ ಇದೆ, ಎಲ್ಲಾ ಹೇಳು" ಅಂದೆ. ಡೈರಿಯ ಹಾಲಿನ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದುಕೊಂಡೆವು. ಮೊದಲನೇ ಪ್ರಶ್ನೆ, ಹುಲ್ಲಿನ ಹೊರೆ ಯಾವಾಗ ಹೊರಬಹುದು? ಆಮೇಲೆ, ಮತ್ತು ಬರಿಸಿದರೆ ಎಚ್ಚರ ಆಗುತ್ತೆ ತಾನೆ? ಸೊಂಟ ಬಿದ್ದು ಹೋಗುತ್ತಂತೆ, ನಿಜವಾ? ಹೀಗೆ ಹಾಳೆ ತುಂಬಿತು. ಕೊನೆಗೆ ಒಂದು ಪ್ರಶ್ನೆ ಇತ್ತು, ಅದನ್ನು ಬರೆಯೋದು ಬೇಡ ಅಂದಳು.

ಆ ಡಾಕ್ಟರಮ್ಮ ಅಕ್ಕನ ಕಡೆ ತಿರುಗಿ ಕೂತರು. ಚೀಟಿಯ ಹಿಂಭಾಗದಲ್ಲಿ ಪೆನ್ನಿನಿಂದ ಚಿತ್ರ ಬರೆದರು. ಇದು ಗರ್ಭಕೋಶ, ಇದು ಅದರ ಬಾಯಿ, ಈ ಎರಡು ನಳಿಕೆ, ಈ ಕಡೆ ಆ ಕಡೆ ಎರಡು ಅಂಡಾಶಯ. "ನಿಮ್ಮ ಗಡ್ಡೆ ಇಲ್ಲಿದೆ ನೋಡಿ" ಅಂತ ಚುಕ್ಕೆ ಇಟ್ಟರು. ಎರಡು ಹೆತ್ತವಳು ನಮ್ಮಕ್ಕ. ತನ್ನ ಗರ್ಭಕೋಶ ಎಲ್ಲಿದೆ, ಹೇಗಿದೆ ಅಂತ ಚಿತ್ರದಲ್ಲಿ ನೋಡಿದ್ದು ಅದೇ ಮೊದಲು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅಂಡಾಶಯದ್ದು. ನನ್ನನ್ನು ಕೇಳಿದರೆ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ: "ಗರ್ಭಕೋಶ ಮಾತ್ರ ತೆಗೀತೀರಾ, ಓವರಿನೂ ತೆಗೀತೀರಾ? ತೆಗೆಯೋದಾದರೆ ಯಾಕೆ?" ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ. ಆದರೆ ದೇಹಕ್ಕೆ ಬೇಕಾದ ಹಾರ್ಮೋನ್ ಕೊಡುವುದು ಅಂಡಾಶಯ. ಮುಟ್ಟು ತಾನಾಗಿ ನಿಲ್ಲುವ ವಯಸ್ಸಿಗೆ ಮುಂಚೆಯೇ ಎರಡನ್ನೂ ತೆಗೆದುಬಿಟ್ಟರೆ ಮೈಯೆಲ್ಲ ಧಗಧಗ ಅನ್ನೋದು, ಬೆವರು, ನಿದ್ದೆ ಬಾರದಿರೋದು ಎಲ್ಲಾ ಒಂದೇ ಸಲ ಶುರುವಾಗುತ್ತದೆ. ಮುಂದೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯವೂ ಜಾಸ್ತಿ. ಕ್ಯಾನ್ಸರ್ ಇದ್ದರೆ, ಮನೆತನದಲ್ಲಿ ಅಂಡಾಶಯದ ಇಲ್ಲವೇ ಸ್ತನದ ಕ್ಯಾನ್ಸರ್ ಬಂದಿದ್ದರೆ ಲೆಕ್ಕಾಚಾರ ಬೇರೆ. ಅದನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಅಕ್ಕನಿಗೆ ಅಂಡಾಶಯ ಉಳಿಸಿ, ನಳಿಕೆ ಮಾತ್ರ ಗರ್ಭಕೋಶದ ಜೊತೆ ತೆಗೆದರು. ನಳಿಕೆ ತೆಗೆದರೆ ಮುಂದೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾಗುತ್ತದಂತೆ.

ಬೇರೆ ದಾರಿ ಇದೆಯಾ ಅಂತಲೂ ಕೇಳಿ. ಬ್ಲೀಡಿಂಗ್ ಕಡಿಮೆ ಮಾಡುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಪರ್-ಟಿ ಥರದ್ದು ಒಂದಿದೆ, ಮಿರೇನಾ ಅಂತ. ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಇದೆ, ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ವಿಧಾನವೂ ಇದೆ. ಮುಟ್ಟು ನಿಲ್ಲುವ ಕಾಲ ಹತ್ತಿರ ಇದ್ದರೆ ಗಡ್ಡೆ ಆಮೇಲೆ ತಾನೇ ಕುಗ್ಗುವುದೂ ಉಂಟು. ಅಕ್ಕ ಮಾತ್ರೆ ನುಂಗಿ ನೋಡಿದ್ದಳು, ಮಿರೇನಾ ಅವಳ ಗಡ್ಡೆ ಇದ್ದ ಜಾಗಕ್ಕೆ ಆಗುವಂತಿರಲಿಲ್ಲ. ಹಾಗಾಗಿ ಆಪರೇಷನ್ ಅಂತ ಅವಳೇ ಒಪ್ಪಿದಳು. ಅವಳೇ ಒಪ್ಪಿದಳು ಅನ್ನೋದು ನನಗೆ ದೊಡ್ಡ ಸಮಾಧಾನ.

ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅಕ್ಕ ಭಾವನ ಕಡೆ ನೋಡಿ, "ನೀವು ಒಸಿ ಆಚೆ ಇರಿ" ಅಂದಳು. ಆಮೇಲೆ ತಲೆ ತಗ್ಗಿಸಿಕೊಂಡು, ಬರೆಯದೇ ಬಿಟ್ಟಿದ್ದ ಆ ಪ್ರಶ್ನೆ ಕೇಳಿದಳು. "ಮೇಡಂ, ಇದಾದ್ಮೇಲೆ ಗಂಡ ಹೆಂಡ್ತಿ ಥರ ಇರಕ್ಕಾಗುತ್ತಾ?" ಡಾಕ್ಟರಮ್ಮ ನಗಲಿಲ್ಲ, ಗದರಲಿಲ್ಲ. ಒಳಗಿನ ಹೊಲಿಗೆ ಮಾಯುವವರೆಗೆ, ಅಂದರೆ ಆರರಿಂದ ಎಂಟು ವಾರ ಬೇಡ, ನಾನು ನೋಡಿ ಹೇಳ್ತೀನಿ, ಆಮೇಲೆ ಏನೂ ತೊಂದರೆ ಇಲ್ಲ ಅಂದರು. ಹೆಂಗಸುತನ ಹೋಗಿಬಿಡುತ್ತೆ ಅಂತ ಊರಲ್ಲಿ ಯಾರೋ ಹೇಳಿದ್ದ ಮಾತನ್ನು ಅವಳು ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದಳೋ ಏನೋ. ಈ ಪ್ರಶ್ನೆಗೆ ನಾಚಬೇಡಿ, ದಯವಿಟ್ಟು. ಡಾಕ್ಟರುಗಳಿಗೆ ಇದು ಹೊಸದಲ್ಲ.

ಹುಲ್ಲಿನ ಹೊರೆಗೂ ಅದೇ ಉತ್ತರ. ಆರೆಂಟು ವಾರ ಭಾರ ಎತ್ತುವಂತಿಲ್ಲ. ತುಂಬಿದ ಬಿಂದಿಗೆಯೂ ಇಲ್ಲ, ಹಾಲಿನ ಕ್ಯಾನೂ ಇಲ್ಲ. ಹಾಗಂತ ಮಲಗೇ ಇರುವಂತೆಯೂ ಇಲ್ಲ. ಮಾರನೇ ದಿನದಿಂದಲೇ ನಿಧಾನಕ್ಕೆ ಓಡಾಡಬೇಕು, ಇಲ್ಲದಿದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. "ಬಾಣಂತಿ ಥರ ಮೂಲೆ ಹಿಡ್ಕೊಂಡು ಮಲಗಿರು" ಅನ್ನುವ ಅತ್ತೆಯಂದಿರಿಗೆ ಇದನ್ನು ಡಾಕ್ಟರ್ ಬಾಯಿಂದಲೇ ಹೇಳಿಸುವುದು ಒಳ್ಳೆಯದು. ಹಾಲು ಕರೆಯೋರು ಯಾರು, ಸಗಣಿ ಬಾಚೋರು ಯಾರು ಅಂತ ಭಾವನ ಎದುರೇ ಮೊದಲೇ ತೀರ್ಮಾನ ಆಗಿದ್ದೂ ಅವಳಿಗೆ ಎಷ್ಟೋ ಧೈರ್ಯ ಕೊಟ್ಟಿತು.

ಅಕ್ಕನ ಹಿಮೋಗ್ಲೋಬಿನ್ 7.8 ಇತ್ತು, ಅಂದರೆ ರಕ್ತ ತುಂಬಾ ಕಡಿಮೆ. ಆ ಡಾಕ್ಟರ್ ತಕ್ಷಣ ಕುಯ್ಯಲು ಒಪ್ಪಲಿಲ್ಲ. ಬ್ಲೀಡಿಂಗ್ ನಿಲ್ಲಿಸಿ, ನರಕ್ಕೆ ಐರನ್ ಕೊಡಿಸಿ, ರಕ್ತ ಏರಿದ ಮೇಲೆಯೇ ದಿನ ಕೊಟ್ಟರು. ತಡವಾಯಿತು ಅಂತ ಮನೆಯಲ್ಲಿ ಗೊಣಗಾಟ ಶುರುವಾಯಿತು. ಆದರೆ ಅವಸರ ಇಲ್ಲದ ಆಪರೇಷನ್‌ಗೆ ಮೈಯನ್ನು ತಯಾರು ಮಾಡಿಕೊಳ್ಳೋದೇ ಜಾಣತನ. ಶುಗರ್, ಬಿಪಿ, ಥೈರಾಯ್ಡ್ ನೋಡುತ್ತಾರೆ. ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರ್ ಬೇರೆಯೇ ಬಂದು ಮಾತಾಡಿಸುತ್ತಾರೆ. ಅವರ ಹತ್ತಿರ ಏನನ್ನೂ ಬಚ್ಚಿಡಬಾರದು. ರಕ್ತ ತೆಳುವಾಗುವ ಮಾತ್ರೆ, ನಾಟಿ ಔಷಧಿ, ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದೇ ಹೋಗಿದ್ದು, ಎಲೆಅಡಿಕೆ ಜೊತೆ ಹಾಕುವ ಹೊಗೆಸೊಪ್ಪು, ಎಲ್ಲಾ.

ಹೊಟ್ಟೆ ಕುಯ್ಯುತ್ತಾರಾ, ತೂತು ಹಾಕಿ ಲ್ಯಾಪ್ರೋಸ್ಕೋಪಿಯಲ್ಲಿ ಮಾಡುತ್ತಾರಾ, ಕೆಳಗಿನಿಂದಲೇ ತೆಗೆಯುತ್ತಾರಾ ಅಂತಲೂ ಕೇಳಿ. ಮೂತ್ರಚೀಲಕ್ಕೋ ಮೂತ್ರನಾಳಕ್ಕೋ ಪೆಟ್ಟಾಗುವ ಅಪಾಯ ಕಡಿಮೆ ಇದ್ದರೂ ಇದ್ದೇ ಇದೆ. ಅದನ್ನು ಬಾಯಿ ಬಿಟ್ಟು ಹೇಳುವ ಡಾಕ್ಟರನ್ನು ನಾನು ಜಾಸ್ತಿ ನಂಬುತ್ತೇನೆ.

ಇನ್ನು ಆಪರೇಷನ್ ಒಪ್ಪಿಗೆ ಫಾರಂನ ಸಹಿ ವಿಚಾರ. ನಮ್ಮಲ್ಲಿ ಗಂಡ ಸಹಿ ಹಾಕಿದರೆ ಮುಗೀತು ಅಂದುಕೊಂಡಿದ್ದಾರೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿದೆ ಗೊತ್ತಾ? ಪರೀಕ್ಷೆಗೆ ಅಂತ ಒಪ್ಪಿಗೆ ಕೊಟ್ಟು ಮಲಗಿದ್ದ ಹೆಂಗಸಿಗೆ ಮತ್ತಿನಲ್ಲಿದ್ದಾಗಲೇ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದಿದ್ದರು. ಅದು ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ಜೀವಕ್ಕೆ ಅಪಾಯ ಇಲ್ಲದಿದ್ದಾಗ, ಎಚ್ಚರವಾದ ಮೇಲೆ ತಾನೇ ಹೇಳಬಲ್ಲ ವಯಸ್ಕಳ ಪರವಾಗಿ ಬೇರೆಯವರು ಒಪ್ಪುವಂತಿಲ್ಲ. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಲಬುರಗಿಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳ ಗರ್ಭಕೋಶ ಬೇಡದಿದ್ದರೂ ತೆಗೆದ ಸುದ್ದಿ ನಮ್ಮ ರಾಜ್ಯದ್ದೇ. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರ ಕಥೆಯೂ ಅದೇ. ಕಬ್ಬಿನ ಸೀಮೆಯವರಾದ ನಮಗೆ ಅದು ದೂರದ ಸುದ್ದಿ ಅನ್ನಿಸಬಾರದು, ಅಲ್ವಾ? ಬೇಡದ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಎಲ್ಲಾ ರಾಜ್ಯಗಳೂ ಜಾರಿ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಅನುಮಾನ ಬಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆಗಳಾದ ಮೈಸೂರಿನ ಚೆಲುವಾಂಬ ಇದೆ, ಮಂಡ್ಯದ ಮಿಮ್ಸ್ ಇದೆ. ಆಯುಷ್ಮಾನ್ ಕಾರ್ಡ್ ಇಟ್ಟುಕೊಂಡು ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಮೊದಲೇ ವಿಚಾರಿಸಿ.

ಮನೆಗೆ ಬಂದ ಮೇಲೆ ಜ್ವರ, ಪ್ಯಾಡ್ ಒದ್ದೆಯಾಗುವಷ್ಟು ರಕ್ತ, ಒಂದೇ ಕಾಲು ಊದುವುದು, ಉಸಿರು ಕಟ್ಟುವುದು, ಇದರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ. ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಡಿಸ್ಚಾರ್ಜ್‌ಗೆ ಮುಂಚೆಯೇ ಬರೆಸಿಕೊಳ್ಳಿ. ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಿದ್ದಾರಾ ಅಂತ ಕೇಳಿ, ಆ ರಿಪೋರ್ಟ್ ಬಂದ ಮೇಲೆ ತಪ್ಪದೆ ಇಸ್ಕೊಂಡು ಡಾಕ್ಟರಿಗೆ ತೋರಿಸಿ. ಹೊಲಿಗೆ ಬಿಚ್ಚಿದ ಮೇಲೆ ಆ ಕಡೆ ತಲೆ ಹಾಕದೆ ಎಷ್ಟೋ ಜನ ಆ ರಿಪೋರ್ಟನ್ನು ಆಸ್ಪತ್ರೆಯಲ್ಲೇ ಬಿಟ್ಟುಬಿಡುತ್ತಾರೆ.